ಗುಬ್ಬಿಗೆ ಮೀಸಲಾದ ಪದ

ಮೂರು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಭಾಷೆಯಪ್ಪ ಒಂದು ಮಾತು ಕೊಟ್ಟಿದ್ದ. "ಗುಬ್ಬೀ, ಇದರಲ್ಲಿ ನಿನ್ನ ಹೆಸರೂ ಒಂದು ಪದ. ಯಾರೂ ಮುಟ್ಟೋ ಹಾಗಿಲ್ಲ. ಅದರ ಅರ್ಥ ಏನು ಅಂತ ದೊಡ್ಡವಳಾದ ಮೇಲೆ ನೀನೇ ಹೇಳು."

'ಇದು' ಎಂದರೆ ಸೋಪು ಕಾರ್ಖಾನೆಯ ಯಂತ್ರಗಳಿಗೆ ಅಪ್ಪಣೆ ಕೊಡಲು ಅವನು ಕಟ್ಟುತ್ತಿದ್ದ ಪುಟ್ಟ ಕಂಪ್ಯೂಟರ್ ಭಾಷೆ. ಅವನಿಗೆ ಆ ಅಡ್ಡಹೆಸರು ಅಂಟಿದ್ದೂ ಅದರಿಂದಲೇ.

ಒಂಬತ್ತು ವರ್ಷದ ನಂತರ ಒಂದು ಬೆಳಿಗ್ಗೆ ಮ್ಯಾನೇಜರು ಜಾರುತ್ತಲೇ ಒಳಗೆ ಬಂದರು. ಕತ್ತರಿಸುವ ಯಂತ್ರವು ಕಾಗದ ಸುತ್ತುವ ಯಂತ್ರಕ್ಕಾಗಿ ಕಾಯದೆ ಸೋಪನ್ನು ನೆಲಕ್ಕೆ ಉಗುಳುತ್ತಿತ್ತು.

"ಕಾಯೋದಕ್ಕೆ ಒಂದು ಪದ ಸೇರಿಸ್ರೀ. ಐದು ನಿಮಿಷದ ಕೆಲಸ."

"ಸಂಜೆ ಐದು ಗಂಟೆಗೆ ಬರ್ತೀನಿ ಅಂತ ಮಗಳಿಗೆ ಹೇಳಿದೀನಿ ಸಾರ್. ಶಾಲೇಲಿ ಅವಳ ನಾಟಕ."

"ಐದು ನಿಮಿಷ ಅಂದೆನಲ್ಲ!"

ಭಾಷೆಯಪ್ಪ 'ತಾಳು' ಎಂಬ ಪದ ಸೇರಿಸಿದ. ಸುತ್ತುವ ಯಂತ್ರ ಗಕ್ಕನೆ ನಿಂತಿತು. ಅದನ್ನು ನೋಡಿಕೊಳ್ಳುವ ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು.

"ನನ್ನ ಪ್ರೋಗ್ರಾಮಲ್ಲಿ ಎಣಿಕೆಗೆ 'ತಾಳು' ಅಂತ ಹೆಸರಿಟ್ಟು ಎಂಟು ವರ್ಷ ಆಯ್ತು. ನೀವು ಕಿತ್ಕೊಂಡ್ರೆ ನಾನೇನ್ ಮಾಡ್ಲಿ?"

ಒಂದು ಪದವನ್ನು ಭಾಷೆ ತನಗೆ ಮೀಸಲಿಟ್ಟುಕೊಂಡರೆ ಬೇರೆ ಯಾರೂ ಅದನ್ನು ಹೆಸರಾಗಿ ಬಳಸುವಂತಿಲ್ಲ. ಮೊದಲೇ ಬಳಸಿದ್ದ ಪ್ರೋಗ್ರಾಮು ಅಲ್ಲೇ ಮುಗ್ಗರಿಸುತ್ತದೆ. ಭಾಷೆಯಪ್ಪ 'ತಾಳು' ತೆಗೆದು 'ನಿಲ್ಲು' ಹಾಕಿದ. ಕತ್ತರಿಸುವ ಯಂತ್ರದ ಅಲಗು ಅರ್ಧದಲ್ಲೇ ಸಿಕ್ಕಿಕೊಂಡಿತು. 'ಸುಮ್ಮನಿರು' ಹಾಕಿದ. ಈ ಹೆಸರನ್ನು ಯಾವ ಪುಣ್ಯಾತ್ಮ ಇಟ್ಟಿರುತ್ತಾನೆ ಎಂದುಕೊಳ್ಳುವಷ್ಟರಲ್ಲಿ ಬಾಯ್ಲರ್ ತಾತ ಏದುಸಿರು ಬಿಡುತ್ತಾ ಓಡಿಬಂದ.

"ಆ ವಾಲ್ವು ಸದಾ ಬುಸುಗುಡುತ್ತಲ್ಲ ಮಗಾ, ಅದಕ್ಕೇ ಹಾಗಂತ ಕರೆದೆ!"

ಭಾಷೆಯಪ್ಪ ತಲೆ ಹಿಡಿದುಕೊಂಡು ಹಳೆಯ ಪ್ರೋಗ್ರಾಮುಗಳನ್ನೆಲ್ಲ ಓದತೊಡಗಿದ. ಓದುತ್ತ ಓದುತ್ತ ಸಿಟ್ಟು ಇಳಿದು ಮೈ ನವಿರೆದ್ದಿತು. ತಾನು ಕಟ್ಟಿದ್ದು ಅರವತ್ತು ಪದದ ಖಾಲಿ ಮನೆ. ಅದರೊಳಗೆ ಜನ ಸಾವಿರಾರು ಹೆಸರಿಟ್ಟು ಸಂಸಾರ ಹೂಡಿದ್ದರು. ಈಗ ಒಂದು ಮೊಳೆ ಹೊಡೆಯಬೇಕಾದರೂ ಯಾರದೋ ಗೋಡೆ ಬಿರಿಯುತ್ತಿತ್ತು.

"ಹೆತ್ತಿದ್ದು ನೀನು, ಸಾಕಿದ್ದು ನಾವು," ಎಂದ ತಾತ.

"ಯಾರೂ ಇಟ್ಕೊಂಡಿರೋಕೆ ಸಾಧ್ಯವೇ ಇಲ್ಲದ ಹೆಸರು ಒಂದೂ ಇಲ್ವಾ?" ಎಂದಳು ಅಕ್ಕ.

ಇತ್ತು. 'ಗುಬ್ಬಿ'. ಮೊದಲ ದಿನದಿಂದಲೇ ಮೀಸಲು; ತುಂಬಿದ ಬಸ್ಸಿನಲ್ಲಿ ಟವೆಲ್ ಹಾಕಿಟ್ಟ ಸೀಟಿನಂತೆ ಒಂಬತ್ತು ವರ್ಷ ಖಾಲಿಯೇ ಉಳಿದಿತ್ತು. ಅಪ್ಪನ ಮುದ್ದಿಗೆ ಹುಟ್ಟಿದ ಪದವೇ ಇಡೀ ಕಾರ್ಖಾನೆಯನ್ನು ಉಳಿಸುವಂತಿತ್ತು! ಆದರೆ ಅರ್ಥ ಹೇಳಬೇಕಾದವಳು ಮಗಳು. ಅವಳು 'ಕುಣಿ' ಎಂದುಬಿಟ್ಟರೆ ಯಂತ್ರಗಳು ಕುಣಿಯಬೇಕು. ಅವನು ಶಾಲೆಯ ಕಾವಲುಗಾರನಿಗೆ ಫೋನ್ ಮಾಡಿ ಮಗಳಿಗೆ ಕೊಡಿಸಿದ.

"ಗುಬ್ಬೀ, ನಿನ್ನ ಪದಕ್ಕೆ ಏನು ಅರ್ಥ ಇಡೋಣ? ಬೇಗ ಹೇಳು ಪುಟ್ಟಾ."

"ನಾಟಕ ಮುಗೀತು. ಎಲ್ಲರ ಅಪ್ಪಂದಿರೂ ಬಂದು ಹೋದ್ರು. ನಾನೀಗ ಗೇಟ್ ಹತ್ರ ಏನು ಮಾಡ್ತಿದೀನೋ ಅದೇ ಅರ್ಥ."

"ಏನ್ ಮಾಡ್ತಿದೀಯಾ?"

"ಕಾಯ್ತಾ ಇದೀನಿ."

ಫೋನ್ ಕಟ್ ಆಯಿತು. ಗೋಡೆಯ ಗಡಿಯಾರ ಆರು ಗಂಟೆ ತೋರಿಸುತ್ತಿತ್ತು. ಭಾಷೆಯಪ್ಪ ಬಾಯಿ ತೆರೆದುಕೊಂಡೇ ಆ ಅರ್ಥವನ್ನು ಬರೆದು ಮುಗಿಸಿದ. ಕತ್ತರಿಸುವ ಯಂತ್ರ ಮೊದಲ ಬಾರಿಗೆ ವಿನಯದಿಂದ ನಿಂತು, ಸುತ್ತುವ ಯಂತ್ರದ ದಾರಿ ನೋಡಿತು.

"ಭೇಷ್!" ಮ್ಯಾನೇಜರು ಬೆನ್ನು ತಟ್ಟಿದರು. "ನಾಳೆ ಹಿಂದಕ್ಕೆ ತಿರುಗೋದಕ್ಕೂ ಒಂದು ಪದ ಬೇಕಲ್ರೀ. ಮನೇಲಿ ಇನ್ನೊಂದು ಮಗು ಇದೆಯಾ?"

ಪದದ ಅರ್ಥವನ್ನು ಮಗಳೇ ಹೇಳಿದ್ದಳು. ಆ ಮಾತು ಉಳಿಯಿತು. ಐದಕ್ಕೆ ಬರುತ್ತೇನೆಂದ ಮಾತು ಉಳಿಯಲಿಲ್ಲ.