ಕೇಕಿಗೊಂದು ಸೀಟು

ಕಾರಿಗೆ ಇದ್ದದ್ದು ಎರಡೇ ಸೀಟು. ಹೊರಟವರು ಮೂವರು: ಬರ್ಟ್ರಮ್ ಪಾರ್ಗಿಟರ್ ಮೇಷ್ಟ್ರು, ಅವರ ಹೆಂಡತಿ ಡಿಲಿಸ್, ಮತ್ತು ಡಿಲಿಸ್ ಮಾಡಿದ ಸ್ಪಾಂಜ್ ಕೇಕು. ಈ ಮೂವರಲ್ಲಿ ಯಾರನ್ನು ಬಿಟ್ಟು ಹೋಗಬಹುದು ಎಂದು ಆ ಶನಿವಾರ ಬೆಳಿಗ್ಗೆ ಯಾರಾದರೂ ಕೇಳಿದ್ದರೆ ಮೇಷ್ಟ್ರು ನಕ್ಕುಬಿಡುತ್ತಿದ್ದರು. (ಡಿಲಿಸ್ ನಗುತ್ತಿರಲಿಲ್ಲ. ಅವಳಿಗೆ ಉತ್ತರ ಗೊತ್ತಿತ್ತು.)

ಮೂವತ್ತೊಂದು ವರ್ಷ ಶಾಲೆಯಲ್ಲಿ ಭೂಗೋಳ ಬೋಧಿಸಿ ನಿವೃತ್ತರಾದ ವಾರವೇ ಮೇಷ್ಟ್ರು ಆ ಹಸಿರು ಕಾರನ್ನು ಮನೆಗೆ ತಂದಿದ್ದರು. ಛಾವಣಿ ಮಡಚಿ ಹಿಂದಕ್ಕೆ ತಳ್ಳಿದರೆ ತಲೆಯ ಮೇಲೆ ಬರೀ ಆಕಾಶ. ಏಳು ವರ್ಷ ಆ ಆಕಾಶದ ಸುಖವನ್ನು ಮೇಷ್ಟ್ರು ಅನುಭವಿಸಿದರು, ಉಳಿದದ್ದನ್ನು ಡಿಲಿಸ್ ಅನುಭವಿಸಿದಳು. ಮಡಚಿದ ಛಾವಣಿ ಡಿಕ್ಕಿಯೊಳಗೇ ಹೋಗಿ ಕೂರುವುದರಿಂದ ಅಲ್ಲಿ ಒಂದು ಕೊಡೆ ಹಿಡಿಸಿದರೆ ದೊಡ್ಡದು. ವಾರದ ಸಾಮಾನೆಲ್ಲ ಅವಳ ತೊಡೆಯ ಮೇಲೆ. ಆಲೂಗಡ್ಡೆ, ಹಾಲು, ಟಾಯ್ಲೆಟ್ ಕಾಗದದ ದೊಡ್ಡ ಕಟ್ಟು, ಇವನ್ನೆಲ್ಲ ತಬ್ಬಿಕೊಂಡು, ಕೂದಲು ಹುಲ್ಲಿನ ಬಣವೆ ಮಾಡಿಕೊಂಡು, ಊರ ಮಧ್ಯದಲ್ಲಿ ಮೆರವಣಿಗೆ. ಸೀಟು ನೆಲಕ್ಕೆ ಎಷ್ಟು ಹತ್ತಿರವೆಂದರೆ ಇಳಿಯುವಾಗ ಮೊದಲು ಮೊಣಕಾಲು, ಆಮೇಲೆ ಕೈ, ಕೊನೆಗೆ ಮಾನ, ಈ ಕ್ರಮದಲ್ಲಿ ಒಂದೊಂದೇ ಹೊರಬರಬೇಕು. ಛಾವಣಿ ಮುಚ್ಚಿದರೂ ಎಡಗಡೆ ಸೋರುತ್ತಿತ್ತು. ಮಳೆ ನಿಂತರೂ ಮರದ ಹನಿ ನಿಲ್ಲದು ಅಂತಾರಲ್ಲ, ಹಾಗೆ ಗಂಟೆಗಟ್ಟಲೆ ತೊಟ್ಟಿಕ್ಕುತ್ತಿತ್ತು, ಅದೂ ಸರಿಯಾಗಿ ಡಿಲಿಸ್‌ಳ ಎಡ ಮೊಣಕಾಲಿನ ಮೇಲೆ.

ಸದ್ಯ, ಮನೆಯಲ್ಲಿ ಇನ್ನೊಂದು ಕಾರಿತ್ತು, ಮುದಿಯಾದರೂ ನಾಲ್ಕು ಬಾಗಿಲಿನದು. ಅದು ಮಂಗಳವಾರ ಕೆಮ್ಮಿ ನಿಂತು ಗ್ಯಾರೇಜು ಸೇರಿತ್ತು. ಶನಿವಾರ ಪಕ್ಕದೂರಿನಲ್ಲಿ ವರ್ಷದ ಪ್ರದರ್ಶನ: ದೊಡ್ಡ ಡೇರೆಯಲ್ಲಿ ತರಕಾರಿ, ಹೂವು, ಜಾಮು, ಕೇಕು, ಎಲ್ಲಕ್ಕೂ ಬಹುಮಾನ. ಸ್ಪಾಂಜ್ ಕೇಕಿನಲ್ಲಿ ಡಿಲಿಸ್‌ಗೆ ಹನ್ನೊಂದು ವರ್ಷದಿಂದ ಎರಡನೇ ಸ್ಥಾನ. ಹನ್ನೊಂದು ವರ್ಷವೂ ಮೊದಲನೇ ಸ್ಥಾನ ಮ್ಯೂರಿಯಲ್ ಹಾಡ್ಜಳದು. ಎರಡು ಪದರ, ನಡುವೆ ರಾಸ್ಪ್‌ಬೆರಿ ಜಾಮು, ಮೇಲೆ ಸಕ್ಕರೆ, ಇಷ್ಟೇ ಇರಬೇಕು. ಮೇಲ್ಭಾಗದಲ್ಲಿ ಕೇಕು ಆರಿಸುವ ತಂತಿ ತಟ್ಟೆಯ ಗೆರೆಯೊಂದು ಮೂಡಿದ್ದರೂ ಅಂಕ ಕಡಿತ. ಹೋದ ವರ್ಷ ಹಾಗೇ ಆಗಿತ್ತು. ಈ ಸಲ ಡಿಲಿಸ್ ಮೆತ್ತನೆಯ ಟವೆಲಿನ ಮೇಲೆ ಕೇಕನ್ನು ಆರಿಸಿ, ಬೇರೆಯವರು ಮೊಮ್ಮಕ್ಕಳನ್ನು ನೋಡುವ ಹಾಗೆ ನೋಡಿದ್ದಳು. ಗೆರೆ ಇರಲಿಲ್ಲ. ಅದು ಎಷ್ಟು ಚೆನ್ನಾಗಿ ಉಬ್ಬಿತ್ತೆಂದರೆ ರಟ್ಟಿನ ಡಬ್ಬಿಯ ಮುಚ್ಚಳಕ್ಕೆ ತಾಗಲು ಕೂದಲೆಳೆ ಬಾಕಿ.

"ನೋಡಿ, ಈ ಸಲ ನನ್ನ ಕೇಕಿಗೆ ಏನಾದ್ರೂ ಆಯ್ತೋ, ಸೋಮವಾರ ಈ ಕಾರು ಮಾರಾಟ," ಎಂದಳು ಡಿಲಿಸ್, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು.

"ಏನೂ ಆಗಲ್ಲ ಕಣೇ. ಆಕಾಶ ನೋಡು, ಒಗೆದು ಹರಡಿದ ಹಾಗಿದೆ," ಎಂದು ಮೇಷ್ಟ್ರು ಛಾವಣಿ ಮಡಚಿದರು.

ದಾರಿಯಲ್ಲಿ ಎದುರಿಗೆ ಇನ್ನೊಂದು ತೆರೆದ ಕಾರು ಬಂತು. ಅದರ ಚಾಲಕ ಕೈ ಎತ್ತಿದ. ಮೇಷ್ಟ್ರೂ ಮುಖವರಳಿಸಿ ಕೈ ಎತ್ತಿದರು.

"ಯಾರದು?"

"ಗೊತ್ತಿಲ್ಲ."

"ಗೊತ್ತಿಲ್ಲದವರಿಗೆಲ್ಲ ಕೈ ಬೀಸ್ತೀರ. ಏಳು ವರ್ಷದಿಂದ ಅಡುಗೆಮನೆ ಕಿಟಕೀಲಿ ನಿಂತು ನಾನು ಕೈ ಬೀಸ್ತೀನಿ. ಒಂದು ದಿನ ತಿರುಗಿ ನೋಡಿದ್ದೀರಾ?"

"ಅದು ಬೇರೆ, ಇದು ಬೇರೆ. ಎರಡು ಸೀಟಿನ ತೆರೆದ ಕಾರಿನವರು ಪರಸ್ಪರ ಕೈ ಎತ್ತಬೇಕು. ಅದು ಶಿಷ್ಟಾಚಾರ. ಲಾರಿ, ಟ್ರ್ಯಾಕ್ಟರು, ಕಿಟಕಿ, ಇವಕ್ಕೆಲ್ಲ ಎತ್ತುತ್ತಾ ಕೂತರೆ ಶಿಷ್ಟಾಚಾರಕ್ಕೆ ಏನು ಬೆಲೆ?"

ಡಿಲಿಸ್ ಮುಖ ಆ ಕಡೆ ತಿರುಗಿಸಿಕೊಂಡಳು. ಅದು ಒಳ್ಳೆಯ ಲಕ್ಷಣವಲ್ಲ. ಅಷ್ಟರಲ್ಲಿ ಅವಳ ಮೂಗಿನ ಮೇಲೆ ಒಂದು ಹನಿ ಬಿತ್ತು.

"ಗಾಬರಿ ಬೇಡ!" ಮೇಷ್ಟ್ರೊಳಗಿನ ಭೂಗೋಳ ಎದ್ದು ನಿಂತಿತು. "ನಲವತ್ತೈದು ಮೈಲಿ ವೇಗದಲ್ಲಿ ಹೋದರೆ ಮಳೆ ನಮ್ಮ ತಲೆ ಮೇಲಿಂದ ಹಾರಿಹೋಗುತ್ತೆ. ಗಾಳಿಯ ಪ್ರವಾಹ, ಕೋನ, ಒತ್ತಡ..."

ಹೇಳಬೇಕೆಂದರೆ, ಅದು ನಿಜವೇ. ಎರಡು ಮೈಲಿಯವರೆಗೆ ಮಳೆ ಅವರ ಮೇಲಿಂದಲೇ ಹಾರಿಹೋಯಿತು. ಮೂರನೇ ಮೈಲಿಯ ತಿರುವಿನಲ್ಲಿ ಹುಲ್ಲಿನ ಹೊರೆ ಎಳೆದುಕೊಂಡು ರೈತ ಇವಾನ್ ಪ್ರೀಸನ ಟ್ರ್ಯಾಕ್ಟರು ಹೋಗುತ್ತಿತ್ತು, ಹನ್ನೆರಡು ಮೈಲಿ ವೇಗದಲ್ಲಿ. ಎರಡೂ ಬದಿಗೆ ಎತ್ತರದ ಬೇಲಿ. ಗಾಳಿಯ ಪ್ರವಾಹ, ಕೋನ, ಒತ್ತಡ ಮೂರೂ ಒಟ್ಟಿಗೆ ಕೈಕೊಟ್ಟವು. ಮಳೆ ನೇರವಾಗಿ ಒಳಗೆ ಬಿತ್ತು. ಡಿಲಿಸ್ ಡಬ್ಬಿಯ ಮೇಲೆ ಮರಿ ಕಾಯುವ ಕೋಳಿಯಂತೆ ಬಗ್ಗಿದಳು.

"ನಿಲ್ಸಿ! ಛಾವಣಿ ಹಾಕಿ!"

ನಿಲ್ಲಿಸಿದರು, ಹಾಕಿದರು. ಈಗ ಮಳೆ ಎಲ್ಲ ಕಡೆಯಿಂದ ಬೀಳುವುದು ನಿಂತು ಒಂದೇ ಕಡೆ ಬೀಳತೊಡಗಿತು. ತೊಟ್ ತೊಟ್ ಎಂದು, ಎಡ ಮೊಣಕಾಲಿನ ಮೇಲೆ. ಈವತ್ತು ಅಲ್ಲಿ ಕೇಕಿನ ಡಬ್ಬಿ ಇತ್ತು.

ಡಿಲಿಸ್ ಗಡಿಯಾರ ನೋಡಿದಳು. ಒಂಬತ್ತೂವರೆ. ಹತ್ತಕ್ಕೆ ಡೇರೆ ಮುಚ್ಚುತ್ತಾರೆ, ಆಮೇಲೆ ತೀರ್ಪುಗಾರ್ತಿಗೆ ಮಾತ್ರ ಪ್ರವೇಶ.

"ಡಬ್ಬಿ ಸೀಟಿನ ಮಧ್ಯ ಕೂರಬೇಕು, ಹನಿ ಬೀಳದ ಕಡೆ. ಕೆಳಗೆ ನಿಮ್ಮ ಕೋಟು ಮಡಚಿ ಇಟ್ಟರೆ ಸಮವಾಗಿರುತ್ತೆ. ಇಳೀರಿ."

"ಯಾರು?"

"ಕೇಕು ಇಳಿಯಲ್ಲ. ನಾನೂ ಇಳಿಯಲ್ಲ, ಮಾಡಿದವರೇ ಮೇಜಿನ ಮೇಲಿಡಬೇಕು ಅಂತ ನಿಯಮ ಇದೆ. ಇನ್ಯಾರು ಉಳಿದ್ರು, ನೀವೇ ಹೇಳಿ."

"ನನ್ನ ಕಾರನ್ನ ನೀನು ಓಡಿಸ್ತೀಯಾ? ಇದರ ಕ್ಲಚ್ಚು ತುಂಬಾ ಸೂಕ್ಷ್ಮ ಕಣೇ!"

"ರೀ, ಹತ್ತೊಂಬತ್ತು ವರ್ಷ ಈ ಬೆಟ್ಟಗಳಲ್ಲಿ ಸಂಚಾರಿ ಗ್ರಂಥಾಲಯದ ವ್ಯಾನು ಓಡಿಸಿದವಳು ನಾನು. ಮೂರು ಸಾವಿರ ಪುಸ್ತಕ ತುಂಬ್ಕೊಂಡು, ಹಿಮದಲ್ಲಿ. ನಿಮಗೆ ಅದು ಮರೆತೇ ಹೋಗಿದೆ."

ನಿಜವಾಗಿಯೂ ಮರೆತಿತ್ತು. ಮೇಷ್ಟ್ರು ಮೊದಲು ಮೊಣಕಾಲು, ಆಮೇಲೆ ಕೈ, ಕೊನೆಗೆ ಮಾನವನ್ನು ಹೊರತೆಗೆದು ಮಳೆಯಲ್ಲಿ ನಿಂತರು. ಆದರೂ ಅವರದು ಹೆಂಗರುಳು. ಹನ್ನೊಂದು ವರ್ಷ ಆ ಸೋತ ಕೇಕನ್ನು ಸಂಜೆಯ ಚಹಾದ ಜೊತೆ ಇಬ್ಬರೂ ಮಾತಿಲ್ಲದೆ ತಿಂದದ್ದು ಅವರಿಗೆ ನೆನಪಿತ್ತು. ಒಂದೇ ಒಂದು ಸಲ ಇವಳು ಗೆದ್ದು ನಗಲಿ ಎಂದು ಅವರಿಗೆ ಮನಸಾರೆ ಆಸೆ. ಕೋಟನ್ನು ಮಡಚಿ ಇಟ್ಟರು, ಡಬ್ಬಿ ಕೂರಿಸಿದರು. ಅಲುಗಾಡಬಾರದಲ್ಲ, ಅದಕ್ಕೆ ಸೀಟ್ ಬೆಲ್ಟ್ ಹಾಕಿ ಬಿಗಿಯಾಗಿ ಎಳೆದರು. ಇನ್ನೊಂದು ಸಲವೂ ಎಳೆದರು.

ಮುಂದೆ ನಿಂತು ನೋಡುತ್ತಿದ್ದ ಇವಾನ್ ಪ್ರೀಸ್ ಟ್ರ್ಯಾಕ್ಟರನ್ನು ಗದ್ದೆಯ ಗೇಟಿಗೆ ಒತ್ತರಿಸಿ ದಾರಿ ಬಿಟ್ಟ. ಹಸಿರು ಕಾರು ಒಂದು ಸಲವೂ ಕೆಮ್ಮದೆ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೋಯಿತು. ಮೇಷ್ಟ್ರು ಓಡಿಸುವಾಗ ಅದು ಹಾಗೆ ಹೋದದ್ದೇ ಇಲ್ಲ.

"ಬನ್ನಿ ಸಾರ್, ಪಕ್ಕದ ಸೀಟು ಖಾಲಿ ಇದೆ," ಎಂದ ಇವಾನ್, ಅವರ ಹಳೇ ವಿದ್ಯಾರ್ಥಿ. ಹತ್ತಿ ಕೂತ ಮೇಲೆ ಕೇಳಿದ: "ಒಂಬತ್ತನೇ ಕ್ಲಾಸಲ್ಲಿ ಮಳೆ ಬಗ್ಗೆ ಬರೆದ ಉತ್ತರಕ್ಕೆ ನನಗೆ ಸೊನ್ನೆ ಕೊಟ್ಟಿದ್ರಿ, ನೆನಪಿದೆಯಾ?"

"ಏನು ಬರೆದಿದ್ದೆ?"

"ಮೇಲಿಂದ ಕೆಳಗೆ ಬೀಳುತ್ತೆ ಅಂತ."

ಮೇಷ್ಟ್ರು ಅಂಗಿಯ ತೋಳಿನ ನೀರು ಹಿಂಡಿದರು.

ಅವರು ತಲುಪಿದಾಗ ಡೇರೆ ಮುಚ್ಚಿತ್ತು. ಡಿಲಿಸ್ ಕಾಣಲಿಲ್ಲ, ಕಾರೂ ಕಾಣಲಿಲ್ಲ. ಹನ್ನೆರಡಕ್ಕೆ ಡೇರೆ ತೆರೆದಾಗ ಮೇಷ್ಟ್ರು ಒದ್ದೆ ಅಂಗಿಯಲ್ಲೇ ಜನರನ್ನು ಸರಿಸಿಕೊಂಡು ಕೇಕಿನ ಮೇಜಿಗೆ ಹೋದರು. ಮೊದಲನೇ ಬಹುಮಾನ: ಮ್ಯೂರಿಯಲ್ ಹಾಡ್ಜ್. ಎರಡನೇ ಬಹುಮಾನ: ಡಿಲಿಸ್ ಪಾರ್ಗಿಟರ್. ಚೀಟಿಯ ಕೆಳಗೆ ತೀರ್ಪುಗಾರ್ತಿಯ ಮುದ್ದಾದ ಅಕ್ಷರ: "ರುಚಿ ಅತ್ಯುತ್ತಮ. ಆದರೆ ಮೇಲ್ಭಾಗದಲ್ಲಿ ಗುರುತು."

ಗುರುತಿತ್ತು. ಎರಡು ಬೆರಳು ಅಗಲ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓರೆಯಾಗಿ. ಅಂಥ ತಂತಿ ತಟ್ಟೆ ಲೋಕದಲ್ಲಿ ಎಲ್ಲೂ ಇಲ್ಲ. ಮೇಷ್ಟ್ರು ಹಿಂದಕ್ಕೆ ತಿರುಗಿದರು.

ಹಿಂದೆ ಡಿಲಿಸ್ ನಿಂತಿದ್ದಳು. ಕೆನ್ನೆ ಕೆಂಪಾಗಿತ್ತು, ಕೂದಲು ಬಣವೆಯಾಗಿತ್ತು.

"ಡಿಲಿಸ್, ಅದು ನಾನೇ. ಬೆಲ್ಟು ಎಳೆದವನು ನಾನೇ. ಎರಡು ಸಲ ಎಳೆದೆ," ಎಂದರು ಮೇಷ್ಟ್ರು. "ಮಾತು ಅಂದ್ರೆ ಮಾತು. ಸೋಮವಾರ ಕಾರು ಮಾರಿಬಿಡ್ತೀನಿ."

"ಮುಟ್ಟಿ ನೋಡೋಣ ಅದನ್ನ!" ಎಂದಳು ಡಿಲಿಸ್.

ವಿಷಯ ಇಷ್ಟು. ಕೇಕು ಮೇಜಿನ ಮೇಲಿಟ್ಟ ಮೇಲೆ ಅವಳಿಗೆ ಎರಡು ಗಂಟೆ ಸಮಯವಿತ್ತು. ಮಳೆ ಬಿಟ್ಟಿತ್ತು. ಛಾವಣಿ ಮಡಚಿ ಬೆಟ್ಟದ ದಾರಿ ಹಿಡಿದಿದ್ದಳು. "ಆರು ಜನ ಕೈ ಎತ್ತಿದ್ರು ರೀ! ಆರೂ ಜನಕ್ಕೂ ಎತ್ತಿದೆ. ಬಲಗಡೆ ಸೀಟಲ್ಲಿ ಹನಿ ಬೀಳಲ್ಲ ಅಂತ ನಂಗೆ ಏಳು ವರ್ಷ ಯಾರೂ ಹೇಳಲೇ ಇಲ್ಲ." ಹೇಳುತ್ತಾ ಹೇಳುತ್ತಾ ಕೇಕಿನ ಮೇಲಿನ ಪಟ್ಟೆ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರ ಒದ್ದೆ ತೋಳು ಹಿಡಿದುಕೊಂಡು ಕಣ್ಣೀರು ಬರುವಷ್ಟು ನಕ್ಕಳು. ಗೆಲ್ಲದೆಯೂ ಹಾಗೆ ನಗಬಹುದೆಂದು ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ.

"ಸರಿ, ಹಾಗಾದರೆ ಮನೆಗೆ ಹೋಗೋಣ. ಕೀಲಿ ಕೊಡು."

"ಕೀಲಿ ನಿಮಗ್ಯಾಕೆ? ಮ್ಯೂರಿಯಲ್‌ಗೆ ಒಂದು ಸುತ್ತು ಕರ್ಕೊಂಡು ಹೋಗ್ತೀನಿ ಅಂದಿದ್ದೀನಿ. ಏಳು ವರ್ಷದಿಂದ ಆಸೆಯಂತೆ, ಪಾಪ. ಇರೋದು ಎರಡೇ ಸೀಟಲ್ವಾ?" ಉಳಿದ ಕೇಕನ್ನು ಮತ್ತೆ ಡಬ್ಬಿಗೆ ಹಾಕಿ ಅವರ ಕೈಗಿತ್ತಳು. "ಇವಾನ್ ನಮ್ಮನೆ ಕಡೆಗೇ ಹೋಗ್ತಾನೆ. ಬೆಲ್ಟು ಹಾಕ್ಬೇಡಿ."

ಮಾಡಿದ್ದುಣ್ಣೋ ಮಹಾರಾಯ ಎಂದು ಮೇಷ್ಟ್ರು ಟ್ರ್ಯಾಕ್ಟರಿನಲ್ಲಿ ಕೂತು ಕೇಕು ತಿಂದರು. ಪಟ್ಟೆ ಇದ್ದ ಜಾಗವೇ ಹೆಚ್ಚು ರುಚಿಯಾಗಿತ್ತು. ಇವಾನನಿಗೂ ದೊಡ್ಡ ತುಂಡು ಕೊಟ್ಟರು, ಹಳೆಯ ಸೊನ್ನೆಯ ಬಾಬ್ತು.

ತಿರುವಿನಲ್ಲಿ ಹಸಿರು ಕಾರು ಎದುರಿಗೆ ಬಂತು. ಮತ್ತೆ ಹನಿಯುತ್ತಿತ್ತು, ಛಾವಣಿ ತೆರೆದೇ ಇತ್ತು, ವೇಗ ಸರಿಯಾಗಿ ನಲವತ್ತೈದು. ಮ್ಯೂರಿಯಲ್ ಎರಡು ಕೈಯಲ್ಲಿ ಟೋಪಿ ಹಿಡಿದು ಕಿರುಚುತ್ತಿದ್ದಳು. ಮೇಷ್ಟ್ರು ತಮಗರಿವಿಲ್ಲದೆ ಕೈ ಎತ್ತಿದರು. ಆಮೇಲೆ ನೆನಪಾಯಿತು: ಟ್ರ್ಯಾಕ್ಟರಿಗೆ ಕೈ ಎತ್ತುವ ಶಿಷ್ಟಾಚಾರ ಇಲ್ಲ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಕೂತರು. ಏಳು ವರ್ಷ ಕಿಟಕಿಯ ಹಿಂದೆ ಒಂದು ಕೈ ಹೀಗೇ ಉಳಿದಿತ್ತಲ್ಲ ಎಂದು ಅವರಿಗೆ ಆಗ ಅನ್ನಿಸಿತು.

ಕಾರು ದಾಟಿ ಹೋಯಿತು. ಮೇಷ್ಟ್ರು ತಿರುಗಿ ನೋಡಿದರು. ತೆರೆದ ಕಾರಿನಿಂದ ಡಿಲಿಸ್‌ಳ ಕೈ ತಲೆಗಿಂತ ಎತ್ತರಕ್ಕೆ ಎದ್ದಿತು, ಮುಂದಿನ ತಿರುವಿನಲ್ಲಿ ಮರೆಯಾಗುವವರೆಗೂ ಬೀಸುತ್ತಲೇ ಇತ್ತು.

"ಅದು ನಿಮ್ಮ ಕಾರಲ್ವಾ ಸಾರ್?" ಎಂದ ಇವಾನ್, ಬಾಯಿತುಂಬ ಕೇಕಿನೊಂದಿಗೆ.

"ಆಗಿತ್ತಪ್ಪ," ಎಂದರು ಮೇಷ್ಟ್ರು, ಕೈ ಇಳಿಸದೆ.