ಹನ್ನೊಂದು ಚಿನ್ನದ ಕಾಳು ಮತ್ತು ಒಂದು ಕ್ರಿಯಾಪದ

‘ಫಾಸಿಕ್’ ಎಂಬ ಕ್ರಿಯಾಪದದ ಮೇಲೆ ಈ ಭೂಮಂಡಲದಲ್ಲಿ ಯಾರಿಗಾದರೂ ಅಧಿಕಾರವಿದ್ದರೆ ಅದು ನನಗೆ ಮಾತ್ರ ಎಂದು ನಲವತ್ತು ವರ್ಷದಿಂದ ನಂಬಿದ್ದೆ. ನಮ್ಮೂರ ಗ್ರಂಥಾಲಯದವರು ಕೂಡ ಹಾಗೇ ನಂಬಿದರು. “ಅರ್ನಿ, ಆ ಪದದ ಬಗ್ಗೆ ಒಂದು ಭಾಷಣ ಮಾಡು. ನಿನಗೆ ಸಿಕ್ಕಿದ ಚಿನ್ನವನ್ನೂ ತಂದು ತೋರಿಸು” ಎಂದರು. ನಾನು ಒಪ್ಪಿಕೊಂಡೆ. ಸಿಂಹಾಸನ ಕೊಟ್ಟರೆ ಬೇಡವೆನ್ನುವ ರಾಜ ನಾನಲ್ಲ.

ವಿಕ್ಟೋರಿಯಾ ರಾಜ್ಯದ ನಮ್ಮ ಈ ಮೂಲೆಯಲ್ಲಿ ಚಿನ್ನ ಮುಗಿದು ನೂರು ವರ್ಷವಾಯಿತು. ಪದ ಮಾತ್ರ ಮುಗಿದಿಲ್ಲ. ಹಿಂದಿನವರು ಅಗೆದು ಬಿಟ್ಟುಹೋದ ಗುಂಡಿಗಳಲ್ಲಿ ಅಳಿದುಳಿದದ್ದಕ್ಕಾಗಿ ಕೆದಕುವುದು ಅದರ ಮೊದಲ ಅರ್ಥ. ಘನತೆಯ ಅರ್ಥ. ಕಪಾಟು, ಡ್ರಾಯರು, ಹೆಂಡತಿಯ ಕೈಚೀಲಗಳಲ್ಲಿ ಏನನ್ನೋ ಹುಡುಕುತ್ತ ಎಲ್ಲವನ್ನೂ ಬುಡಮೇಲು ಮಾಡುವುದು ಎರಡನೆಯ ಅರ್ಥ. ಅದು ಕೆಳದರ್ಜೆಯದು, ಭಾಷಣಕ್ಕೆ ಬೇಡ ಎಂದು ತೀರ್ಮಾನಿಸಿದೆ.

“ಎರಡನೇದೂ ಹೇಳು,” ಎಂದಳು ನನ್ನ ಹೆಂಡತಿ ಥೆಲ್ಮಾ. “ಅದರಲ್ಲೂ ನೀನೇ ಪಂಡಿತ.”

ಫಾಸಿಕ್ ಮಾಡುವವರಿಗೆ ಕೆಲವು ಧರ್ಮಗಳಿವೆ. ಅಗೆದ ಗುಂಡಿಯನ್ನು ಮುಚ್ಚಿಯೇ ಬರಬೇಕು. “ಏನಾದ್ರೂ ಸಿಕ್ತಾ?” ಎಂದು ಯಾರಾದರೂ ಕೇಳಿದರೆ “ಬರೀ ಬಾಟ್ಲಿ ಮುಚ್ಚಳ” ಎನ್ನಬೇಕು. ಜಾಗವನ್ನಂತೂ ಪಾದ್ರಿಯ ಮುಂದೆಯೂ ಬಾಯಿ ಬಿಡಬಾರದು. ನಾನು ಕಾರನ್ನು ಊರಿನ ಪೂರ್ವಕ್ಕೆ ನಿಲ್ಲಿಸಿ ಪಶ್ಚಿಮದ ಹಳ್ಳಕ್ಕೆ ನಡೆಯುವವನು. ಕೊನೆಯ ನೂರು ಹೆಜ್ಜೆಯನ್ನು ಹಿಮ್ಮುಖವಾಗಿ ಹಾಕುತ್ತೇನೆ. ಜಾಡು ನೋಡಿದವನು ನಾನು ಆಗಲೇ ಹೊರಟುಹೋದೆ ಅಂದುಕೊಳ್ಳಬೇಕು.

ಆ ಹಳ್ಳದಲ್ಲಿ ನಾಲ್ಕು ವರ್ಷಗಳಲ್ಲಿ ಲೋಹ ಪತ್ತೆಮಾಡುವ ನನ್ನ ಡಿಟೆಕ್ಟರ್ ಹನ್ನೊಂದು ಸಲ ಕೂಗಿತ್ತು. ಹನ್ನೊಂದು ಚಿನ್ನದ ಕಾಳು! ಒಂದೊಂದೂ ಕಡಲೆಕಾಳಿನ ಗಾತ್ರ, ಒಂದೊಂದಕ್ಕೂ ಕೋಳಿಯ ಕೊಕ್ಕಿನಂಥ ಒಂದು ತುದಿ. ಒಂದೇ ತಾಯಿಬಂಡೆಯಿಂದ ಉದುರಿದ ಚಿನ್ನಕ್ಕೆ ಒಂದೇ ಮೂಗಿರುತ್ತದೆ ಎಂಬ ಸಿದ್ಧಾಂತವನ್ನು ನಾನು ಕಂಡುಹಿಡಿದದ್ದು ಹೀಗೆ. ಸಿಕ್ಕ ಕಾಳನ್ನೆಲ್ಲ ಮುಚ್ಚಳ ಬೆಸೆದ ತಂಬಾಕಿನ ಡಬ್ಬಿಯೊಳಗೆ ಹುಂಡಿಯ ಹಾಗೆ ಸೀಳಿನಿಂದ ಹಾಕಿ, ಕೋಳಿಗೂಡಿನ ಅಡಿಯಲ್ಲಿ ಬಚ್ಚಿಡುತ್ತಿದ್ದೆ. ಅಲುಗಾಡಿಸಿ ನೋಡುತ್ತಿರಲಿಲ್ಲ. ಬೇಲಿಯಾಚೆಗಿನ ಕ್ಲ್ಯಾರಿಯ ಕಿವಿ ಬಹಳ ಚುರುಕು.

ಕ್ಲ್ಯಾರಿ ನನ್ನ ನಲವತ್ತು ವರ್ಷದ ಗೆಳೆಯ. ಅವನೂ ಫಾಸಿಕ್ ಮಾಡುವವನೇ, ಆದ್ದರಿಂದ ನಂಬಬಾರದವನು. ಭಾಷಣಕ್ಕೆ ಎರಡು ವಾರ ಇರುವಾಗ ನನ್ನ ಹಳ್ಳದಲ್ಲಿ ಒಂದು ಗುಂಡಿ ಕಂಡೆ. ನಾನು ತೋಡಿದ್ದಲ್ಲ. ಯಾರೋ ಮುಚ್ಚಿ, ಚಮಚದ ಬೆನ್ನಿನಿಂದ ಸವರಿದ ಹಾಗೆ ನುಣ್ಣಗೆ ಮಾಡಿ, ಮೇಲೆ ಎಲೆ ಉದುರಿಸಿದ್ದರು. ಇಷ್ಟು ಅಚ್ಚುಕಟ್ಟಾಗಿ ಗುಂಡಿ ಮುಚ್ಚುವವನು ಜಿಲ್ಲೆಯಲ್ಲಿ ಒಬ್ಬನೇ.

“ಕ್ಲ್ಯಾರಿ, ಪಶ್ಚಿಮದ ಕಡೆ ಹೋಗಿದ್ಯಾ?” ಬೇಲಿಯ ಮೇಲಿಂದ ಸಹಜವಾಗಿ ಕೇಳಿದೆ.

“ಇಲ್ವಲ್ಲ ಮಾರಾಯ.”

“ಏನಾದ್ರೂ ಸಿಕ್ತಾ?”

“ಹೋಗಿಲ್ಲ ಅಂದ್ನಲ್ಲ. ಸಿಕ್ಕಿದ್ರೆ ಬರೀ ಬಾಟ್ಲಿ ಮುಚ್ಚಳ.”

ಕಳ್ಳನಲ್ಲದವನು ಎರಡು ಉತ್ತರ ಯಾಕೆ ಕೊಡುತ್ತಾನೆ? ಅಂದಿನಿಂದ ಬೇಲಿಯ ತೂತಿನಲ್ಲಿ ನನ್ನ ಒಂದು ಕಣ್ಣು ಸದಾ ಹಾಜರು. ಅವನು ಬೂಟು ತೊಳೆದರೆ ಸಾಕ್ಷಿ ನಾಶ; ತೊಳೆಯದಿದ್ದರೆ ಧಿಮಾಕು. ಅವನು ಕೊಟ್ಟುಕಳಿಸಿದ ಟೊಮೆಟೊವನ್ನೂ ಕತ್ತರಿಸಿ ಪರೀಕ್ಷಿಸಿದೆ.

“ಟೊಮೆಟೊದಲ್ಲಿ ಏನು ಹುಡುಕ್ತಿದೀಯ?” ಥೆಲ್ಮಾ ಕೇಳಿದಳು.

“ಉದ್ದೇಶ,” ಎಂದೆ.

ಭಾಷಣದ ದಿನ ಊರಿಗೆ ಊರೇ ಬಂದಿತ್ತು, ಎಂದರೆ ಇಪ್ಪತ್ತೆಂಟು ಜನ. ಕ್ಲ್ಯಾರಿ ಮೊದಲ ಸಾಲಿನಲ್ಲಿ ಜ್ಯಾಮ್ ಸವರಿದ ಸ್ಕೋನ್ ತಿನ್ನುತ್ತ ಕುಳಿತಿದ್ದ. ನಾನು ಪದದ ಘನತೆಯ ಅರ್ಥವನ್ನು ವಿವರಿಸಿದೆ, ಮೂಗಿನ ಸಿದ್ಧಾಂತವನ್ನು ಮಂಡಿಸಿದೆ, ಎಲ್ಲರೆದುರು ಡಬ್ಬಿಯ ಮುಚ್ಚಳ ಕತ್ತರಿಸಿ ಬಿಳಿ ತಟ್ಟೆಯ ಮೇಲೆ ಬೋರಲು ಹಾಕಿದೆ.

ಟಿಣ್.

ಒಂದು ಕಾಳು. ಡಬ್ಬಿ ಬಡಿದೆ, ಊದಿದೆ, ಒಳಗೆ ಇಣುಕಿದೆ. ಒಂದೇ.

“ಕ್ಲ್ಯಾರಿ,” ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ, “ಮಿಕ್ಕ ಹತ್ತನ್ನ ಮೇಜಿನ ಮೇಲಿಡು.”

ಕ್ಲ್ಯಾರಿ ಅರ್ಧ ತಿಂದ ಸ್ಕೋನನ್ನು ಮೆಲ್ಲಗೆ ಕೆಳಗಿಟ್ಟ. ಹ್ಯಾಟು ಎತ್ತಿಕೊಂಡು ನಿಂತ. “ನಲವತ್ತು ವರ್ಷ ಆಯ್ತಲ್ಲೋ ಅರ್ನಿ,” ಎಂದ. ಅಷ್ಟೇ ಅಂದು ಬಾಗಿಲ ಕಡೆ ತಿರುಗಿದ.

“ಕೂತ್ಕೋ ಕ್ಲ್ಯಾರಿ,” ಹಿಂದಿನ ಸಾಲಿನಿಂದ ಥೆಲ್ಮಾ ಎದ್ದಳು. “ಹತ್ತು ಇರಲೇ ಇಲ್ಲ. ಇದ್ದಿದ್ದು ಒಂದೇ. ಮೊದಲನೇ ಸಲ ಅವನಿಗೆ ನಿಜವಾಗ್ಲೂ ಸಿಕ್ತು. ಆಮೇಲೆ ಹತ್ತು ಸಲ ನಾನೇ ಡಬ್ಬಿ ತಲೆಕೆಳಗು ಮಾಡಿ, ಚಾಕುವಿನ ತುದೀಲಿ ತೆಗೆದು, ಹಳ್ಳದಲ್ಲಿ ಹೂತು ಬಂದೆ.”

“ಯಾಕೆ?” ಎಂದೆ. ಸ್ವರ ಈಗ ಇಲಿಯದಾಗಿತ್ತು.

“ಚಿನ್ನ ಸಿಕ್ರೆ ನೀನು ನಾಲ್ಕು ತಿಂಗಳು ಹಳ್ಳದಲ್ಲೇ ಫಾಸಿಕ್ ಮಾಡ್ತೀಯ. ಸಿಗದಿದ್ರೆ ಮನೇಲಿ ಕೂತು ನನ್ನ ಕಪಾಟು ಫಾಸಿಕ್ ಮಾಡ್ತೀಯ. ಹೋದ ಸಲ ಉಪ್ಪಿನ ಡಬ್ಬಿ ಸಿಕ್ಕಿದ್ದು ಬಟ್ಟೆ ಒಗೆಯೋ ಕೋಣೇಲಿ.”

ಹೆಂಗಸರ ಸಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಪದದ ಎರಡನೆಯ ಅರ್ಥಕ್ಕೆ ಅಂಥ ಗೌರವ ಹಿಂದೆಂದೂ ಸಿಕ್ಕಿರಲಾರದು.

“ನನ್ನ ಜಾಗ ನಿನಗೆ ಹೇಗೆ ಗೊತ್ತಾಯ್ತು?”

ಉತ್ತರ ಕ್ಲ್ಯಾರಿಯಿಂದ ಬಂತು. “ಊರಿಗೆಲ್ಲ ಗೊತ್ತು ಮಾರಾಯ. ಹಿಂದುಹಿಂದಕ್ಕೆ ನಡ್ಕೊಂಡು ಹೋಗೋನು ನೀನೊಬ್ನೇ. ನಿನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ ನಾವೆಲ್ಲ ಆ ಕಡೆ ಸುಳಿಯೋದೇ ಇಲ್ಲ. ಆಸೆ ತಡೀದೆ ನಾನು ಒಂದೇ ಒಂದ್ಸಲ ಹೋದಾಗ ನನ್ನ ಡಿಟೆಕ್ಟರ್ ಅಲ್ಲಿ ಕೂಗಿತ್ತು. ಅಗೆದು ನೋಡ್ದೆ, ಬೇಲಿ ತೂತಿನಿಂದ ಎಷ್ಟೋ ಸಲ ನೋಡಿದ್ದ ಅದೇ ಮೂಗು, ಇದು ಅರ್ನೀದು ಅಂತ ವಾಪಸ್ ಹೂತೆ.”

ಇಪ್ಪತ್ತೆಂಟು ಜನರ ಮುಂದೆ ಅವನ ಕೈ ಹಿಡಿದು ಕ್ಷಮೆ ಕೇಳಿದೆ. ಅವನು ಕ್ಷಮಿಸಿದ, ಸ್ಕೋನನ್ನೂ ಮುಗಿಸಿದ.

ಮೂರು ವಾರ ನಾನು ಹಳ್ಳದ ಕಡೆ ತಲೆ ಹಾಕಲಿಲ್ಲ. ಮನೆಯಲ್ಲೇ ಕುಳಿತೆ. ನಾಲ್ಕನೆಯ ವಾರ ಥೆಲ್ಮಾ ಡಿಟೆಕ್ಟರನ್ನು ನನ್ನ ಕೈಗೆ ತುರುಕಿ ಬಾಗಿಲು ಹಾಕಿಕೊಂಡಳು. ಹೋದೆ. ಎಲ್ಲ ಗೊತ್ತಿದ್ದೂ ಹಿಮ್ಮುಖವಾಗಿಯೇ ನಡೆದೆ. ಡಿಟೆಕ್ಟರ್ ಕೂಗಿತು. ಎಲ್ಲ ಗೊತ್ತಿದ್ದೂ ಎದೆ ಢವಗುಟ್ಟಿತು. ಓಡುತ್ತ ಬಂದೆ.

“ಥೆಲ್ಮಾ, ಹನ್ನೆರಡನೇದು ಸಿಕ್ತು!”

ಅವಳು ಹಿಟ್ಟು ಕಲಸುತ್ತಿದ್ದ ಕೈಯನ್ನು ಒರೆಸಿಕೊಂಡು ಮುಂದೆ ಚಾಚಿದಳು.

“ಕೊಡಿಲ್ಲಿ. ಮತ್ತೆ ಡಬ್ಬೀಲಿ ಹಾಕಿ ಬೆಸೀಬೇಡ, ತೆಗೆಯೋದು ಕಷ್ಟ.”