ಹನ್ನೆರಡು ದೀಪದ ಆಟ

ಆಟದಲ್ಲಿ ದೀಪ ಆರಿಸುವುದಿತ್ತು. ಎಲ್ಲ ತೊಂದರೆಗೂ ಅದೇ ಮೂಲ.

ವಿರೂಪಾಕ್ಷ ಗದಗಿನ ಕಡೆಯವನು, ಯಲಹಂಕದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಸಂಶೋಧಕ. ವಯಸ್ಸಾದವರ ನೆನಪು ಚುರುಕಾಗಲೆಂದು ಕಾಲೇಜು ಒಂದು ಟ್ಯಾಬ್ ಆಟ ಮಾಡಿಸಿತ್ತು. ಅದನ್ನು ಅವರು ಯಾರ ಸಹಾಯವೂ ಇಲ್ಲದೆ ಆಡಬಲ್ಲರೇ ಎಂದು ನೋಡುವುದು ಇವನ ಕೆಲಸ.

"ಎಪ್ಪತ್ತು ದಾಟಿದ ಒಬ್ರಾದ್ರೂ ಪೂರ್ತಿ ಆಡಿರೋ ಅಂಕ ಇವತ್ತು ಏಳು ಗಂಟೆಯೊಳಗೆ ಬರ್ಬೇಕು. ಇಲ್ಲಾಂದ್ರೆ ನಿಮ್ ಕಾಂಟ್ರಾಕ್ಟ್ ರಿನ್ಯೂ ಆಗಲ್ಲ," ಎಂದಿದ್ದರು ವಿಭಾಗದ ಮುಖ್ಯಸ್ಥೆ ಪ್ರತಿಭಾ ಮೇಡಂ. ಆಟ ಮುಚ್ಚಿದ ಮೇಲೆಯೇ ಅಂಕ ಕಾಲೇಜಿಗೆ ಹೋಗುವ ಏರ್ಪಾಡು. ನಡುವೆ ಕೈಕೊಡಬಾರದೆಂದು ವಿರೂಪಾಕ್ಷ ಟ್ಯಾಬನ್ನು ಪೂರ್ತಿ ಚಾರ್ಜು ಮಾಡಿಕೊಂಡೇ ಹೊರಟ. ಜಾಣ, ಪಾಪ.

ಯಲಹಂಕದ ಹಳೇ ಊರಿನಲ್ಲಿ, ಎಪ್ಪತ್ತು ದಾಟಿದ ಮುನಿಕೆಂಪಮ್ಮ ಜಗಲಿಯಲ್ಲಿ ಕೂತಿದ್ದರು. ಅವರ ಮುಂದಿಟ್ಟ ಟ್ಯಾಬಿನ ಪರದೆಯ ಮೇಲೆ ಹನ್ನೆರಡು ದೀಪ ಒಂದೊಂದಾಗಿ ಹೊತ್ತಿಕೊಂಡವು. ಅದೇ ಕ್ರಮದಲ್ಲಿ ಮುಟ್ಟಿ ಆರಿಸಬೇಕು. ಅವರು ಕೈಕಟ್ಟಿ ಕೂತರು.

"ಮುಟ್ರೀ ಅಜ್ಜಿ."

"ಉರಿಯೋ ದೀಪ ಆರಿಸೋದಾ? ಎಂಥಾ ಮಾತಾಡ್ತೀಯ ಮಗಾ!"

"ಇದು ಖರೇ ದೀಪ ಅಲ್ರೀ!"

"ನಮ್ ಯಜಮಾನ್ರು ತೀರ್ಕೊಂಡ್ ದಿನಾನೂ ನನ್ ಕೈಯಾರೆ ದೀಪ ಆರಿಸ್ಲಿಲ್ಲ. ನಿನ್ ಆಟಕ್ಕೆ ಆರಿಸ್ತೀನಾ?"

ವಿರೂಪಾಕ್ಷ ಟ್ಯಾಬನ್ನು ಎತ್ತಿಕೊಂಡ. ಪಕ್ಕದ ಮನೆಯ ಅಕ್ಕಯ್ಯಮ್ಮನ ಮುಂದೆ ಹಿಡಿದ. ಅವರು ದೀಪಗಳಿಗೆ ಕೈಮುಗಿದು ಹಿಂದೆ ಸರಿದರು. ಇಬ್ಬರಿಗೂ ಸೊನ್ನೆ. "ನೆನಪಿನ ಶಕ್ತಿ ತೀರಾ ಕುಂದಿದೆ, ವೈದ್ಯರನ್ನು ಕಾಣಿ," ಎಂದು ಟ್ಯಾಬು ಬೀದಿಗೆಲ್ಲ ಕೇಳುವಂತೆ ಒದರಿತು.

ಅಕ್ಕಯ್ಯಮ್ಮ ಮುನಿಕೆಂಪಮ್ಮನ ಕಡೆ ಕೈ ತೋರಿಸಿ ರೇಗಿದರು. "ಇವ್ರಿಗೆ ಮರೆವಾ? ಮೂವತ್ ವರ್ಸದ್ ಇಂದೆ ನಾನು ಇಸ್ಕೊಂಡೋದ ಒನಕೇನ ಇವತ್ತೂ ಕೇಳ್ತಾರೆ ಕಣಪ್ಪಾ!"

ವಿರೂಪಾಕ್ಷ ಬೆವರೊರೆಸಿಕೊಂಡು, ಆಟ ತಯಾರಿಸಿದ ಹೇಮಂತನಿಗೆ ಫೋನಿನಲ್ಲೇ ದಮ್ಮಯ್ಯಗುಡ್ಡೆ ಹಾಕಿದ.

"ಅಳ್ಬೇಡ ಗುರು, ಉಲ್ಟಾ ಮಾಡ್ತೀನಿ. ಆರಿಸೋ ಬದ್ಲು ಹಚ್ಲಿ ಬಿಡು," ಎಂದ ಹೇಮಂತ.

ಆರೂವರೆಗೆ ಹೊಸ ಆಟ ಬಂತು. ಮುನಿಕೆಂಪಮ್ಮ ಕೈಕಾಲು ತೊಳೆದು, ಸೆರಗು ಹೊದ್ದು, ಹನ್ನೆರಡೂ ದೀಪವನ್ನು ಒಂದೂ ತಪ್ಪದೆ ಹಚ್ಚಿದರು. ಪೂರ್ತಿ ಅಂಕ! ವಿರೂಪಾಕ್ಷನ ಕಣ್ಣಲ್ಲಿ ನೀರೇ ಬಂತು. ಆಟ ಮುಚ್ಚಲು ಕೈ ಚಾಚುವಷ್ಟರಲ್ಲಿ ಅವರು ಟ್ಯಾಬನ್ನು ಒಳಗೆ ಒಯ್ದು, ದೇವರ ಗೂಡಿನಲ್ಲಿಟ್ಟು, ಕುಂಕುಮ ಇಟ್ಟರು.

"ಅಜ್ಜೀ, ಬಂದ್ ಮಾಡ್ಬೇಕ್ರೀ ಅದನ್ನ! ನನ್ ನೌಕರಿ ಐತ್ರೀ ಅದ್ರಾಗ!"

"ಮುಸ್ಸಂಜೇಲಿ ಅಚ್ಚಿದ್ ದೀಪ ಕಣ್ ಮಗಾ. ತಾನಾಗೇ ಆರ್ಲಿ, ಆಮೇಲ್ ತಗೊಂಡೋಗು," ಎಂದು ಮುನಿಕೆಂಪಮ್ಮ ಗೂಡಿಗೆ ಅಡ್ಡವಾಗಿ ಕೂತರು.

ವಿರೂಪಾಕ್ಷ ಇಣುಕಿ ನೋಡಿದ. ಚಾರ್ಜು ಇನ್ನೂ ಶೇಕಡ ಎಂಬತ್ತೊಂದು. ಗೋಡೆ ಗಡಿಯಾರದಲ್ಲಿ ಏಳಕ್ಕೆ ಐದು ನಿಮಿಷ. ಅವನು ಹೊಸ್ತಿಲಲ್ಲೇ ಕುಸಿದು ಕೂತ.

ಅವನ ಮುಖ ನೋಡಿ ಅಕ್ಕಯ್ಯಮ್ಮನಿಗೆ ಕರುಳು ಚುರುಕ್ಕೆಂದಿತು.

"ನಿನ್ ನೌಕ್ರಿನೇ ಅದ್ರಲ್ಲಿರೋವಾಗ ಆ ದೀಪ ಆರೋಕ್ ಬಿಡ್ತೀವಾ? ಎದರ್ಬೇಡ," ಎಂದವರೇ ಮನೆಗೆ ಓಡಿ, ಚಾರ್ಜರ್ ತಂದು ಸಿಕ್ಕಿಸಿದರು.